ಓದುಗರ ಪ್ರಶ್ನೆ, ಕಾನೂನಿನ ಉತ್ತರ: ಪಕ್ಕದ ಮನೆ ಪಿಜಿ ಆದಾಗ

ಈ ಸಲ ಬಂದ ಪತ್ರಗಳಲ್ಲಿ ಮೂರು ಪತ್ರಗಳು ಒಂದೇ ಸಂಗತಿಯನ್ನು ಮೂರು ಬದಿಯಿಂದ ನೋಡುತ್ತವೆ. ಆದ್ದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲನೆಯ ಪತ್ರದ ಸಮಸ್ಯೆ ಇಂದು ಬೆಂಗಳೂರಿನ ಹತ್ತಾರು ಬಡಾವಣೆಗಳ ಸಮಸ್ಯೆಯೂ ಆಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾವು ಬೆಂಗಳೂರಿನ ಒಂದು ಬಿಡಿಎ ಬಡಾವಣೆಯಲ್ಲಿ 1994ರಿಂದ ವಾಸವಾಗಿದ್ದೇವೆ. ಮನೆಯ ಮುಂದಿನ ರಸ್ತೆ 30 ಅಡಿ ಅಗಲವಿದೆ. ಪಕ್ಕದ 40×60 ನಿವೇಶನದಲ್ಲಿದ್ದ ಹಳೆಯ ಮನೆಯನ್ನು ಮೂರು ವರ್ಷದ ಹಿಂದೆ ಕೆಡವಿ, ಬಾಡಿಗೆ ಮನೆಗಳನ್ನು ಕಟ್ಟುತ್ತೇವೆಂದು ಹೇಳಿ ಐದು ಅಂತಸ್ತಿನ ಕಟ್ಟಡ ಎಬ್ಬಿಸಿದರು. ಈಗ ಅಲ್ಲಿ ಪಿಜಿ ನಡೆಯುತ್ತಿದ್ದು, 84 ಮಂದಿ ಇದ್ದಾರೆಂದು ಅಲ್ಲಿನ ಅಡುಗೆಯವರೇ ಹೇಳುತ್ತಾರೆ. ಬೆಳಗಿನ ಜಾವ 5 ಗಂಟೆಗೆ ನೀರಿನ ಟ್ಯಾಂಕರುಗಳು ಬರುತ್ತವೆ. ಕಾರು ನಿಲ್ಲಿಸಬೇಕಾದ ನೆಲಮಟ್ಟದಲ್ಲಿ ಅಡುಗೆಮನೆ ಮಾಡಿಕೊಂಡಿದ್ದು, ಅದರ ಹೊಗೆ ನೇರವಾಗಿ ನಮ್ಮ ತಾಯಿಯವರ ಕೋಣೆಗೆ ನುಗ್ಗುತ್ತದೆ. ಅವರಿಗೆ 86 ವರ್ಷ, ಉಬ್ಬಸವಿದೆ. ಬೀದಿಯ ಮ್ಯಾನ್‌ಹೋಲ್ ತಿಂಗಳಿಗೆ ಎರಡು ಸಲ ಉಕ್ಕುತ್ತದೆ. ಜಾಗದ ಮಾಲೀಕರು ಬೇರೆ, ಪಿಜಿ ನಡೆಸುವವರು ಬೇರೆ. ಕೇಳಿದರೆ "ಪಿಜಿಯೂ ವಾಸದ ಮನೆಯೇ ಎಂದು ಹೈಕೋರ್ಟ್ ಹೇಳಿದೆ" ಎನ್ನುತ್ತಾರೆ. ಎರಡು ಸಲ ಅರ್ಜಿ ಕೊಟ್ಟರೂ ಉತ್ತರ ಬಂದಿಲ್ಲ. ವಸತಿ ವಲಯದಲ್ಲಿ ಇದಕ್ಕೆ ಅವಕಾಶವಿದೆಯೆ? ನಾವು ಏನು ಮಾಡಬಹುದು?
— ಹೆಸರು ಬೇಡ, ಬೆಂಗಳೂರು

ಉತ್ತರ: ನೀವು ಕಳುಹಿಸಿದ ಎರಡು ಅರ್ಜಿಗಳ ಪ್ರತಿಗಳನ್ನು ಓದಿದೆ. ಮೊದಲು ಅವುಗಳ ಬಗ್ಗೆಯೇ ಒಂದು ಮಾತು ಹೇಳಬೇಕು. ಒಂದೂವರೆ ಪುಟದ ಅರ್ಜಿಯಲ್ಲಿ ಒಂದು ಪುಟ ಪೂರ್ತಿ ಅಲ್ಲಿನ ಹುಡುಗ ಹುಡುಗಿಯರು ರಾತ್ರಿ ಎಷ್ಟು ಹೊತ್ತಿಗೆ ಮನೆಗೆ ಬರುತ್ತಾರೆ, ಯಾರ ಜೊತೆ ಬರುತ್ತಾರೆ, ಎಂಥ ಉಡುಪು ತೊಡುತ್ತಾರೆ ಎಂಬುದಕ್ಕೇ ಹೋಗಿದೆ. ಅಡುಗೆಮನೆ, ಟ್ಯಾಂಕರ್, ಚರಂಡಿಗಳ ವಿಷಯ ಕೊನೆಯ ನಾಲ್ಕು ಸಾಲಿನಲ್ಲಿದೆ. ಒಬ್ಬ ವಯಸ್ಕ ವ್ಯಕ್ತಿ ಯಾವ ಹೊತ್ತಿಗೆ ಮನೆ ಸೇರಬೇಕೆಂದು ಹೇಳುವ ಅಧಿಕಾರ ನೆರೆಯವರಿಗೂ ಇಲ್ಲ, ಪಾಲಿಕೆಗೂ ಇಲ್ಲ. ಅಂಥ ಅರ್ಜಿಯನ್ನು ಕೈಗೆತ್ತಿಕೊಂಡ ಅಧಿಕಾರಿ ಇದು ಅಕ್ಕಪಕ್ಕದವರ ಮನಸ್ತಾಪ ಎಂದುಕೊಂಡು ಬದಿಗಿಡುವುದು ಸಹಜ. ಊರು ಬಿಟ್ಟು ಬಂದು ದುಡಿಯುವ, ಓದುವ ಆ 84 ಮಂದಿ ನಿಮಗೆ ಎದುರಾಳಿಗಳಲ್ಲ, ಅವರೂ ಇದೇ ಕಟ್ಟಡದ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡವರು. ನಿಮ್ಮ ಮುಂದಿನ ಅರ್ಜಿಯಲ್ಲಿ ಕಟ್ಟಡ ಮತ್ತು ಅದರ ಬಳಕೆಯ ವಿಚಾರ ಮಾತ್ರ ಇರಲಿ. ಅಲ್ಲಿ ವಾಸಿಸುವವರ ಬಗ್ಗೆ ಒಂದು ವಾಕ್ಯವೂ ಬೇಡ.

ಇನ್ನು ವಲಯ ನಿಯಮದ ಪ್ರಶ್ನೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ನೆಯ ಪ್ರಕರಣದಂತೆ, ಯೋಜನಾ ಪ್ರದೇಶದೊಳಗಿನ ಪ್ರತಿಯೊಂದು ಭೂಬಳಕೆಯೂ ಆ ಬಳಕೆಯಲ್ಲಿ ಮಾಡುವ ಪ್ರತಿಯೊಂದು ಬದಲಾವಣೆಯೂ ಜಾರಿಯಲ್ಲಿರುವ ಯೋಜನೆಗೆ ಅನುಗುಣವಾಗಿರಬೇಕು. ಬೆಂಗಳೂರಿಗೆ ಆ ಯೋಜನೆಯೆಂದರೆ 2007ರಲ್ಲಿ ಅನುಮೋದನೆ ಪಡೆದ ಪರಿಷ್ಕೃತ ಮಹಾಯೋಜನೆ–2015. ಅದರ ನಕ್ಷೆಯಲ್ಲಿ ವಸತಿ ಪ್ರದೇಶ ಹಳದಿ ಬಣ್ಣದಲ್ಲಿದ್ದು, ಅದರಲ್ಲಿಯೂ ಮುಖ್ಯ ವಸತಿ ವಲಯ, ಮಿಶ್ರ ವಸತಿ ವಲಯ ಎಂದು ಎರಡು ಬಗೆಗಳಿವೆ. ಮುಖ್ಯ ವಸತಿ ವಲಯದಲ್ಲಿ ವಾಸಕ್ಕೆ ಪೂರಕವಾದ ಸಣ್ಣ ಪ್ರಮಾಣದ ಬಳಕೆಗಳಿಗಷ್ಟೇ ಜಾಗವಿದೆ, ಮಿಶ್ರ ವಲಯದಲ್ಲಿ ಹೆಚ್ಚಿನ ಸಡಿಲಿಕೆಯಿದೆ. ಯಾವ ಬಳಕೆಗೆ ಅವಕಾಶ ಎಂಬುದು ನಿವೇಶನದ ಅಳತೆಯನ್ನೂ ರಸ್ತೆಯ ಅಗಲವನ್ನೂ ಅವಲಂಬಿಸಿರುತ್ತದೆ. ವಸತಿ ಬೀದಿಗಳಲ್ಲಿನ ವಾಣಿಜ್ಯ ಬಳಕೆಯ ಕುರಿತು ಈ ನಗರದಲ್ಲಿ ನಡೆದ ಬಹುತೇಕ ವ್ಯಾಜ್ಯಗಳು 40 ಅಡಿ ಎಂಬ ಅಳತೆಯ ಸುತ್ತಲೇ ತಿರುಗಿವೆ. ನಿಮ್ಮ ರಸ್ತೆ 30 ಅಡಿಯದು ಎಂಬುದು ಸಣ್ಣ ಸಂಗತಿಯಲ್ಲ. ಅದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ. ನಿಮ್ಮ ನಿವೇಶನಗಳು ಯಾವ ವಲಯದಲ್ಲಿವೆ ಎಂಬುದಕ್ಕೆ ಯೋಜನಾ ಪ್ರಾಧಿಕಾರದಿಂದ ಭೂಬಳಕೆಯ ದೃಢೀಕರಣವನ್ನೂ ಪಡೆದುಕೊಳ್ಳಿ. ಬಾಯಿಮಾತಿನಲ್ಲಿ "ಇದು ವಸತಿ ಏರಿಯಾ" ಎಂದರೆ ಸಾಲದು.

ಪಿಜಿ ನಡೆಸುವವರು ಹೇಳುವ ಹೈಕೋರ್ಟ್ ತೀರ್ಪು ಸುಳ್ಳಲ್ಲ, ಆದರೆ ಅದು ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ. ವಿದ್ಯಾರ್ಥಿಗಳಿಗೂ ಉದ್ಯೋಗಿಗಳಿಗೂ ಹಾಸ್ಟೆಲ್ ನಡೆಸಲೆಂದು ಮಾಲೀಕರು ತಮ್ಮ ಕಟ್ಟಡವನ್ನು ಗುತ್ತಿಗೆಗೆ ಕೊಟ್ಟಾಗ ಆ ಬಾಡಿಗೆಗೆ ಜಿಎಸ್‌ಟಿ ವಿನಾಯಿತಿ ಸಿಗುತ್ತದೆಯೇ ಎಂಬುದು 2022ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದಿದ್ದ ವಿಷಯ. ತೆರಿಗೆಯ ಅಧಿಸೂಚನೆಯ ಅರ್ಥದಲ್ಲಿ ಅದು ವಾಸದ ಕಟ್ಟಡವೇ ಎಂದು ನ್ಯಾಯಾಲಯ ಹೇಳಿತು. ಒಂದು ಬೀದಿಯಲ್ಲಿ, ಒಂದು ನಕ್ಷೆಯ ಅಡಿಯಲ್ಲಿ, ಎಷ್ಟು ಜನರ ವಸತಿಗೆ ಅವಕಾಶವಿದೆ ಎಂಬುದನ್ನು ಅದು ತೀರ್ಮಾನಿಸಲಿಲ್ಲ.

ಹಾಗೆಂದು ನೀವೂ "ಇದು ವಾಣಿಜ್ಯ" ಎಂಬ ಒಂದೇ ಪದಕ್ಕೆ ಜೋತುಬೀಳಬೇಡಿ. ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ತೆರೆದು ನೋಡಿದರೆ ವಸತಿ ಕಟ್ಟಡಗಳೆಂಬ ಗುಂಪಿನೊಳಗೇ ಲಾಡ್ಜಿಂಗ್ ಮನೆಗಳು, ಡಾರ್ಮಿಟರಿಗಳು, ಒಂದೆರಡು ಕುಟುಂಬದ ಮನೆಗಳು, ಅಪಾರ್ಟ್‌ಮೆಂಟುಗಳು ಎಲ್ಲವೂ ಬೇರೆ ಬೇರೆ ಉಪವಿಭಾಗಗಳಾಗಿ ಕುಳಿತಿವೆ. ಹೀಗಾಗಿ "ಜನ ಮಲಗುವ ಜಾಗ ವಾಸದ ಜಾಗವಲ್ಲವೇ?" ಎಂಬ ವಾದವನ್ನು ಅವರು ಎಷ್ಟು ದಿನವಾದರೂ ಎಳೆಯಬಲ್ಲರು. ಆ ವಾದಕ್ಕೆ ಸಿಗದ ದಾಖಲೆ ಒಂದಿದೆ, ಅದು ಮಂಜೂರಾದ ನಕ್ಷೆ. ಪಾಲಿಕೆ ಎಷ್ಟು ಅಂತಸ್ತಿಗೆ, ಎಷ್ಟು ಮನೆಗಳಿಗೆ, ಸುತ್ತ ಎಷ್ಟು ತೆರವು ಬಿಟ್ಟು, ನೆಲಮಟ್ಟದಲ್ಲಿ ಎಷ್ಟು ಕಾರುಗಳ ಜಾಗವಿಟ್ಟು ಕಟ್ಟಲು ಅನುಮತಿ ಕೊಟ್ಟಿತು ಎಂಬುದು ಅದರಲ್ಲಿ ಗೆರೆಗೆರೆಯಾಗಿ ಇರುತ್ತದೆ. ಇಂಥ ಹೆಚ್ಚಿನ ಪ್ರಕರಣಗಳು ನಿಲ್ಲುವುದು ಅಥವಾ ಬೀಳುವುದು ಈ ಹಾಳೆಯ ಮೇಲೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೆಲವು ವರ್ಷಗಳ ಹಿಂದೆ ಇದೇ ಬಗೆಯ ಒಂದು ಕಟ್ಟಡದ ಕಡತವನ್ನು ಕಚೇರಿಯೊಂದರ ದಾಖಲೆ ಕೊಠಡಿಯಲ್ಲಿ ನನ್ನ ಕಕ್ಷಿದಾರರ ಜೊತೆ ಕುಳಿತು ಬಿಡಿಸಿದ್ದೆ. ನಕ್ಷೆಯಲ್ಲಿ ನೆಲಮಟ್ಟ ಪೂರ್ತಿ ಕಾರು ನಿಲ್ಲಿಸುವ ಜಾಗ, ಮೇಲೆ ಪ್ರತಿ ಅಂತಸ್ತಿಗೆ ಎರಡು ಮನೆ, ಪ್ರತಿ ಮನೆಗೂ ನಡುಮನೆ, ಅಡುಗೆಮನೆ, ಎರಡು ಮಲಗುವ ಕೋಣೆ, ಹಿಂಬದಿಯಲ್ಲಿ ಬಟ್ಟೆ ಒಗೆಯುವ ಪುಟ್ಟ ಜಾಗ ಎಂದು ಬಿಡಿಸಲಾಗಿತ್ತು. ಅದನ್ನು ಹಿಡಿದು ಕಟ್ಟಡಕ್ಕೆ ಹೋದರೆ ನಡುಮನೆಯೇ ಇರಲಿಲ್ಲ. ಪ್ಲೈವುಡ್ ಹಾಕಿ ಅದನ್ನು ಮೂರು ಕೋಣೆ ಮಾಡಿದ್ದರು, ನಡುವಿನ ಕೋಣೆಗೆ ಕಿಟಕಿಯಿರಲಿಲ್ಲ. ಹತ್ತಡಿ ಹನ್ನೆರಡಡಿಯ ಮಲಗುವ ಕೋಣೆಯಲ್ಲಿ ನಾಲ್ಕು ಕಬ್ಬಿಣದ ಮಂಚಗಳಿದ್ದವು. ಒಂದು ಮಂಚದಿಂದ ಇನ್ನೊಂದಕ್ಕೆ ಪಕ್ಕಕ್ಕೆ ತಿರುಗಿ ದಾಟಬೇಕಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಹಾಸಿಗೆ ಮಡಚಿಟ್ಟಿದ್ದರು. ಆ ಹೊತ್ತಿಗೆ ನಮ್ಮ ವಾದ ಬರೆಯುವ ಅಗತ್ಯವೇ ಉಳಿಯಲಿಲ್ಲ, ಏಕೆಂದರೆ ಕಾಗದ ಒಂದು ಕಡೆ, ಕಟ್ಟಡ ಒಂದು ಕಡೆ ಇದ್ದುದು ಯಾರ ಕಣ್ಣಿಗಾದರೂ ಕಾಣುವಂತಿತ್ತು.

ಆ ನಕ್ಷೆಯನ್ನು ಪಡೆಯಲು ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದಗಳ ಮಿತಿಯಲ್ಲಿ ಇರಬೇಕೆಂಬುದನ್ನು ಹಲವರು ಮರೆಯುತ್ತಾರೆ. ಮನಸ್ಸಿನ ನೋವನ್ನೆಲ್ಲ ಸೇರಿಸಿ ಬರೆದ ಅರ್ಜಿ ಅದೇ ಕಾರಣಕ್ಕೆ ಹಿಂದೆ ಬರುತ್ತದೆ. ಒಂದು ಅರ್ಜಿಯಲ್ಲಿ ಇಂತಿಂಥ ನಿವೇಶನದ ಮಂಜೂರಾದ ನಕ್ಷೆ, ಕಾಮಗಾರಿ ಆರಂಭ ಪತ್ರ ಮತ್ತು ಸ್ವಾಧೀನಾನುಭವ ಪತ್ರಗಳ (ಕಟ್ಟಿ ಮುಗಿದ ಮೇಲೆ ಬಳಕೆಗೆ ಕೊಡುವ ಅನುಮತಿ) ದೃಢೀಕೃತ ಪ್ರತಿಗಳನ್ನು ಕೇಳಿ. ಇನ್ನೊಂದರಲ್ಲಿ ಆ ವಿಳಾಸಕ್ಕೆ ಪಿಜಿ ನಡೆಸಲು ಉದ್ದಿಮೆ ಪರವಾನಗಿ ಕೊಟ್ಟಿದ್ದರೆ ಅದರ ಪ್ರತಿ ಮತ್ತು ಅರ್ಜಿಯ ಜೊತೆ ಲಗತ್ತಿಸಿದ ದಾಖಲೆಗಳನ್ನು ಕೇಳಿ. ಮೂರನೆಯದರಲ್ಲಿ ಆಸ್ತಿ ತೆರಿಗೆಯನ್ನು ಯಾವ ಬಳಕೆಯೆಂದು ಘೋಷಿಸಿ ಕಟ್ಟಲಾಗುತ್ತಿದೆ ಎಂದು ಕೇಳಿ. 30 ದಿನದೊಳಗೆ ಉತ್ತರ ಬರಬೇಕು. "ಮೂರನೆಯ ವ್ಯಕ್ತಿಯ ಮಾಹಿತಿ" ಎಂದು ನಕ್ಷೆಯನ್ನು ನಿರಾಕರಿಸುವ ಸಾಧ್ಯತೆಯಿದೆ. ಹಾಗಾದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ, ಇದು ಸಾರ್ವಜನಿಕ ಪ್ರಾಧಿಕಾರವು ಕಾನೂನಿನ ಅಡಿ ಕೊಟ್ಟ ಅನುಮತಿಯೇ ಹೊರತು ಯಾರ ಖಾಸಗಿ ಬದುಕಿನ ವಿವರವೂ ಅಲ್ಲ, ಪಕ್ಕದ ನಿವೇಶನದವರಾಗಿ ಗಾಳಿ ಬೆಳಕಿನ ತೆರವಿನಲ್ಲಿ ನಮಗೆ ನೇರ ಹಿತಾಸಕ್ತಿಯಿದೆ ಎಂದು ಬರೆಯಿರಿ.

ಪರವಾನಗಿಯ ವಿಷಯದಲ್ಲಿ ನಿಮ್ಮ ಕೈ ಬಲವಾಗಿದೆ. 2024ರ ಜುಲೈನಲ್ಲಿ ಕೋರಮಂಗಲದ ಪಿಜಿಯೊಂದರೊಳಗೆ ಯುವತಿಯೊಬ್ಬಳ ಕೊಲೆಯಾದ ಮೇಲೆ ಆಗಸ್ಟ್‌ನಲ್ಲಿ ಆಗಿನ ಬೆಂಗಳೂರು ಪಾಲಿಕೆಯಾದ ಬಿಬಿಎಂಪಿ ಪಿಜಿಗಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ ತಲಾ 135 ಲೀಟರ್ ನೀರು, ಪ್ರವೇಶ ಮತ್ತು ಓಣಿಗಳಲ್ಲಿ ಸಿಸಿಟಿವಿ, ಅದರ ದೃಶ್ಯಾವಳಿಯನ್ನು 90 ದಿನ ಉಳಿಸಿಕೊಳ್ಳುವುದು, ದಿನದ 24 ಗಂಟೆ ಕಾವಲುಗಾರರು, ಅಡುಗೆ ಮಾಡಿದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ, ಬೆಂಕಿ ಮತ್ತು ವಿದ್ಯುತ್ ಸುರಕ್ಷತೆ, ಕಸದ ವಿಂಗಡಣೆ, ಸಹಾಯವಾಣಿ 1533ರ ಫಲಕ ಇವೆಲ್ಲ ಅದರಲ್ಲಿವೆ. ಮೇಲೆ ಹೇಳಿದ ಹತ್ತು ಹನ್ನೆರಡರ ಕೋಣೆಯನ್ನೇ ತೆಗೆದುಕೊಳ್ಳಿ. ಅದರ ಅಳತೆ 120 ಚದರ ಅಡಿ. ಈ ಲೆಕ್ಕದಲ್ಲಿ ಅಲ್ಲಿ ಇಬ್ಬರಿಗೂ ಜಾಗ ಸಾಲದು, ನಾಲ್ವರ ಮಾತಂತೂ ದೂರ. ಇನ್ನು ನಿಮ್ಮ ಪಕ್ಕದಲ್ಲಿ 84 ಮಂದಿ ಇರುವುದು ನಿಜವಾದರೆ ದಿನಕ್ಕೆ 11,340 ಲೀಟರ್ ನೀರು ಬೇಕು, ಅಂದರೆ 6,000 ಲೀಟರಿನ ಎರಡು ಟ್ಯಾಂಕರ್. ಬರುವ ನೀರಷ್ಟೂ ಒಂದೆರಡು ಕುಟುಂಬಗಳಿಗೆಂದು ಜೋಡಿಸಿದ್ದ ಹಳೆಯ ಒಳಚರಂಡಿ ಸಂಪರ್ಕಕ್ಕೆ ಹೋಗುತ್ತಿದ್ದರೆ ಮ್ಯಾನ್‌ಹೋಲ್ ಉಕ್ಕುವುದರಲ್ಲಿ ಆಶ್ಚರ್ಯವಿಲ್ಲ. ಈ ಲೆಕ್ಕವನ್ನು ಅರ್ಜಿಯಲ್ಲಿ ಹೀಗೆಯೇ ಬರೆಯಿರಿ. ಕಚೇರಿಗಳಲ್ಲಿ ಅಂಕಿಗೆ ಸಿಗುವ ಬೆಲೆ ದೂರಿಗೆ ಸಿಗುವುದಿಲ್ಲ.

ಇದಕ್ಕಿಂತ ದೊಡ್ಡ ಆಧಾರ 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪು. ಉತ್ತರ ಪ್ರದೇಶದ ಮೀರತ್‌ನಲ್ಲಿ ವಾಸಕ್ಕೆಂದು ಹಂಚಿದ ನಿವೇಶನದಲ್ಲಿ ಅಂಗಡಿಗಳನ್ನು ಕಟ್ಟಿದ್ದ ಆ ಪ್ರಕರಣದಲ್ಲಿ ನ್ಯಾಯಾಲಯ ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿತು. ಅನಧಿಕೃತ ಕಟ್ಟಡದಲ್ಲಿ ಯಾವುದೇ ವ್ಯಾಪಾರ ಉದ್ದಿಮೆಗೆ ಸ್ಥಳೀಯ ಸಂಸ್ಥೆ ಸೇರಿದಂತೆ ಯಾವ ಪ್ರಾಧಿಕಾರವೂ ಪರವಾನಗಿ ಕೊಡಬಾರದು, ಕಟ್ಟಡದ ಬಳಕೆ ವಲಯ ಯೋಜನೆಗೆ ಅನುಗುಣವಾಗಿರಬೇಕು, ನೀರು ವಿದ್ಯುತ್ತಿನ ಸಂಪರ್ಕಗಳನ್ನು ಪೂರ್ಣಗೊಂಡ ಅಥವಾ ಸ್ವಾಧೀನಾನುಭವದ ಪ್ರಮಾಣಪತ್ರ ನೋಡಿಯೇ ಕೊಡಬೇಕು, ಒಂದು ಇಲಾಖೆ ಕ್ರಮಕ್ಕೆ ಮುಂದಾದಾಗ ಮತ್ತೊಂದು ಇಲಾಖೆ ತಕ್ಷಣ ನೆರವಾಗಬೇಕು ಎಂಬವು ಅವುಗಳಲ್ಲಿ ಕೆಲವು. ನಕ್ಷೆ ಮೀರಿ ಕಟ್ಟಿದ್ದಾರೆಂದು ಮೊದಲು ತೋರಿಸಿದರೆ ಪರವಾನಗಿ ತಾನಾಗಿ ಪ್ರಶ್ನೆಗೆ ಒಳಗಾಗುತ್ತದೆ. ಆದ್ದರಿಂದಲೇ ನಕ್ಷೆ ಮೊದಲು, ಉಳಿದದ್ದು ಆಮೇಲೆ ಎಂದು ಒತ್ತಿ ಹೇಳುತ್ತಿದ್ದೇನೆ.

ಎಲ್ಲಿಗೆ ಅರ್ಜಿ ಕೊಡಬೇಕೆಂಬುದೂ ಈಗ ಬದಲಾಗಿದೆ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳಿವೆ. ನಿಮ್ಮ ಹಳೆಯ ಎರಡು ಅರ್ಜಿಗಳು ಅದಕ್ಕಿಂತ ಹಿಂದಿನವು, ಅವು ಯಾವ ಕಚೇರಿಯ ಯಾವ ಕಪಾಟಿಗೆ ಹೋದವೋ ಹುಡುಕುತ್ತ ಕೂರಬೇಡಿ. ನಿಮ್ಮ ವಾರ್ಡ್ ಯಾವ ಪಾಲಿಕೆಗೆ ಸೇರಿದೆಯೆಂದು ನೋಡಿ, ಹೊಸದಾಗಿ, ಒಂದೊಂದು ವಿಷಯಕ್ಕೆ ಒಂದೊಂದು ಪತ್ರ ಬರೆಯಿರಿ. ನಕ್ಷೆ ಉಲ್ಲಂಘನೆಗೆ ಎಂಜಿನಿಯರಿಗೆ, ಪರವಾನಗಿಗೆ ಆರೋಗ್ಯಾಧಿಕಾರಿಗೆ, ಚರಂಡಿಗೆ ಜಲಮಂಡಳಿಗೆ, ಎಲ್ಲದರ ಒಂದು ಪ್ರತಿ ಆಯುಕ್ತರಿಗೆ. ಜಲಮಂಡಳಿಯ ಸಹಾಯವಾಣಿ 1916. ಮ್ಯಾನ್‌ಹೋಲ್ ಉಕ್ಕಿದಾಗಲೆಲ್ಲ ಅಲ್ಲಿಗೆ ಕರೆ ಮಾಡಿ ದೂರು ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ನೆಲಮಟ್ಟದ ಅಡುಗೆಮನೆಯಲ್ಲಿ 19 ಕಿಲೋ ತೂಕದ ವಾಣಿಜ್ಯ ಸಿಲಿಂಡರುಗಳ ಬದಲು ಮನೆಬಳಕೆಯ 14.2 ಕಿಲೋದ ಸಿಲಿಂಡರುಗಳು ಸಾಲಾಗಿ ನಿಂತಿದ್ದರೆ ಅದು ಬೇರೆಯೇ ಉಲ್ಲಂಘನೆ, ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆಗೆ ತಿಳಿಸಬೇಕಾದದ್ದು. ಮೇಲೆ 84 ಮಂದಿ ಮಲಗಿರುವಾಗ ಏಕೈಕ ಮೆಟ್ಟಿಲಿನ ಬುಡದಲ್ಲಿ ಹಾಗೆ ಸಿಲಿಂಡರುಗಳನ್ನು ಇಟ್ಟಿದ್ದರೆ ಅವರ ಜೀವದ ದೃಷ್ಟಿಯಿಂದಲೂ ಇದನ್ನು ಒಂದು ದಿನವೂ ತಡಮಾಡದೆ ತಿಳಿಸಿ. ಪ್ರತಿ ಪತ್ರಕ್ಕೂ ಸ್ವೀಕೃತಿ ಮುದ್ರೆ ಬೇಕೇ ಬೇಕು.

ಎಂಜಿನಿಯರ್ ಪರಿಶೀಲಿಸಿ ಉಲ್ಲಂಘನೆ ಕಂಡರೆ ಮೊದಲು ತಾತ್ಕಾಲಿಕ ಆದೇಶ, ಅದರ ಜೊತೆ ಕಾರಣ ಕೇಳುವ ನೋಟಿಸ್, ಮಾಲೀಕರ ಉತ್ತರ ಕೇಳಿದ ಮೇಲೆ ದೃಢೀಕರಣ ಆದೇಶ ಬರುತ್ತದೆ. ಅದರ ವಿರುದ್ಧ ಮಾಲೀಕರು ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗುವುದು ರೂಢಿ. ಅಲ್ಲಿ ಮಾಲೀಕರೂ ಪಾಲಿಕೆಯೂ ಮಾತ್ರ ಇದ್ದರೆ ತಡೆಯಾಜ್ಞೆ ಸಲೀಸಾಗಿ ಸಿಕ್ಕಿ ವರ್ಷಗಟ್ಟಲೆ ಉಳಿದುಬಿಡುತ್ತದೆ. ನಿಮ್ಮನ್ನೂ ಪಕ್ಷಕಾರರನ್ನಾಗಿ ಸೇರಿಸಿಕೊಳ್ಳಬೇಕೆಂದು ಅರ್ಜಿ ಹಾಕಿ. ಅವರು ಸಿವಿಲ್ ನ್ಯಾಯಾಲಯಕ್ಕೆ ಹೋಗುವ ಸೂಚನೆ ಕಂಡರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಪ್ರಕರಣದ ಅಡಿ ಕೇವಿಯಟ್, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಚಿನ ಮನವಿ, ಸಲ್ಲಿಸಿಡಿ. ಅದಕ್ಕೆ 90 ದಿನದ ಆಯುಷ್ಯ, ಮುಗಿಯುವ ಮೊದಲು ಹೊಸದನ್ನು ಹಾಕಬೇಕು. "ಅಕ್ರಮ ಸಕ್ರಮದಲ್ಲಿ ಸರಿಮಾಡಿಸಿಕೊಳ್ಳುತ್ತೇವೆ" ಎಂಬ ಮಾತು ಬಂದರೆ ಹೆದರಬೇಡಿ. ಅಕ್ರಮ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಆ ಯೋಜನೆಗೆ 2017ರ ಜನವರಿಯಲ್ಲಿಯೇ ಸುಪ್ರೀಂ ಕೋರ್ಟಿನ ತಡೆ ಬಿದ್ದಿದೆ. ಅದೂ ಅಲ್ಲದೆ ಆ ಯೋಜನೆಯಿದ್ದದ್ದು 2013ರ ಅಕ್ಟೋಬರ್ 19ಕ್ಕೆ ಮೊದಲಿನ ಕಟ್ಟಡಗಳಿಗೆ, ಮೂರು ವರ್ಷದ ಹಿಂದೆ ಎದ್ದ ಕಟ್ಟಡಕ್ಕಲ್ಲ.

ಪಾಲಿಕೆ ಸುಮ್ಮನಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ, ಕಾನೂನಿನ ಕರ್ತವ್ಯ ನಿರ್ವಹಿಸುವಂತೆ ಆದೇಶ ಕೇಳಬಹುದು. "ನಿಮಗೇನು ಹಕ್ಕು?" ಎಂಬ ಪ್ರಶ್ನೆ ಅಲ್ಲಿ ಬರುತ್ತದೆ. ಅದಕ್ಕೆ ಉತ್ತರ ನಮ್ಮ ನಾಡಿನಿಂದಲೇ ಹೋದ ಎರಡು ಪ್ರಕರಣಗಳಲ್ಲಿದೆ. ಉಡುಪಿಯಲ್ಲಿ ವಸತಿ ಪ್ರದೇಶದ ಒಂದು ಜಾಗದಲ್ಲಿ ಕಲ್ಯಾಣ ಮಂಟಪಕ್ಕೆಂದು ಕೊಟ್ಟ ಅನುಮತಿಯನ್ನು ಪುರಸಭೆ ಸಿನಿಮಾ ಮಂದಿರಕ್ಕೆ ತಿರುಗಿಸಿದಾಗ ನಿವಾಸಿಯೊಬ್ಬರು ಒಂಟಿಯಾಗಿ ಹೋರಾಡಿದರು. ವಸತಿ ಪ್ರದೇಶದಲ್ಲಿ ಕಾನೂನುಬಾಹಿರವಾಗಿ ಎದ್ದ ಕಟ್ಟಡ ಅಲ್ಲಿನ ನಿವಾಸಿಗಳು ತಮ್ಮ ಆಸ್ತಿಯನ್ನು ನೆಮ್ಮದಿಯಿಂದ ಅನುಭವಿಸುವ ಹಕ್ಕನ್ನು ಬಾಧಿಸುತ್ತದೆ ಎಂದು 1974ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು ಪ್ರಶ್ನಿಸುವ ಹಕ್ಕು ನಿವಾಸಿಗಳಿಗಿದೆ ಎಂದು 1991ರಲ್ಲಿ ಮತ್ತೆ ಅದೇ ನ್ಯಾಯಾಲಯ ಹೇಳಿತು. ನ್ಯೂಸೆನ್ಸ್ ತಡೆಯಲು ಸಿವಿಲ್ ದಾವೆಯೂ ಉಂಟು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಪ್ರಕರಣದ ದಾರಿಯೂ ಉಂಟು. ಆದರೆ ನಿಮ್ಮ ಸಂದರ್ಭದಲ್ಲಿ ದಾಖಲೆ ಕೈಗೆ ಬಂದ ಮೇಲೆ ರಿಟ್ ಅರ್ಜಿಯೇ ಸೂಕ್ತವೆಂದು ನನಗನಿಸುತ್ತದೆ, ಏಕೆಂದರೆ ದಾವೆಯಲ್ಲಿ ಹೊಗೆ, ಸದ್ದು, ವಾಸನೆ ಪ್ರತಿಯೊಂದನ್ನೂ ಸಾಕ್ಷಿ ನುಡಿಸಿ ಸಾಬೀತುಮಾಡುವ ಹೊರೆ ನಿಮ್ಮ ಮೇಲಿರುತ್ತದೆ.

ಸಾಕ್ಷ್ಯದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಟ್ಯಾಂಕರ್, ಉಕ್ಕಿದ ಚರಂಡಿ, ಅಡುಗೆಮನೆಯ ಹೊಗೆಗಳ ಚಿತ್ರಗಳನ್ನು ನಿಮ್ಮ ಜಾಗದಿಂದ ಅಥವಾ ಬೀದಿಯಿಂದ ತೆಗೆಯಿರಿ. ಮೂಲ ಫೋನನ್ನು ಜೋಪಾನವಾಗಿಡಿ, ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದ ಪ್ರಮಾಣಪತ್ರ ಬೇಕಾಗುತ್ತದೆ. ಯಾವ ಕಾರಣಕ್ಕೂ ಕೋಣೆಗಳ ಕಿಟಕಿಯತ್ತ, ಬಟ್ಟೆ ಒಣಹಾಕುವ ಮಹಡಿಯತ್ತ ಕ್ಯಾಮೆರಾ ತಿರುಗಿಸಬೇಡಿ. ಹಾಗೆ ಮಾಡಿದರೆ ದೂರುದಾರರೇ ಆರೋಪಿಗಳಾಗುತ್ತಾರೆ, ಅದು ನ್ಯಾಯವೂ ಹೌದು.

ಇಷ್ಟೆಲ್ಲ ನಡೆಯಲು ಕಾಲ ಹಿಡಿಯುತ್ತದೆ, ನಿಮ್ಮ ತಾಯಿಯವರ ಉಬ್ಬಸ ಕಾಯುವುದಿಲ್ಲ. ಆದ್ದರಿಂದ ಈ ವಾರವೇ ಜಾಗದ ಮಾಲೀಕರು ಮತ್ತು ಪಿಜಿ ನಡೆಸುವವರು ಇಬ್ಬರಿಗೂ ಒಂದು ಸೌಮ್ಯವಾದ ಪತ್ರ ಬರೆದು ಎರಡೇ ಬೇಡಿಕೆ ಇಡಿ: ಅಡುಗೆಮನೆಯ ಹೊಗೆಯನ್ನು ನಿಮ್ಮ ಕಿಟಕಿಯ ಕಡೆಗೆ ಬಿಡದೆ ಕೊಳವೆಯ ಮೂಲಕ ಮಹಡಿಯ ಮೇಲಕ್ಕೆ ಒಯ್ಯಬೇಕು, ಟ್ಯಾಂಕರ್ ಬೆಳಿಗ್ಗೆ 6ರ ಮೇಲೆ ಬರಬೇಕು. ಎರಡನೆಯದಕ್ಕೆ ಕಾನೂನಿನ ಬೆಂಬಲವೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ರಾತ್ರಿಯೆಂದೇ ಲೆಕ್ಕ, ವಸತಿ ಪ್ರದೇಶದಲ್ಲಿ ಆ ಹೊತ್ತಿನ ಮಿತಿ 45 ಡೆಸಿಬೆಲ್. ತಾಯಿಯವರ ವೈದ್ಯರ ಚೀಟಿಯ ಪ್ರತಿಯನ್ನು ಪತ್ರಕ್ಕೆ ಲಗತ್ತಿಸಿ. ಅವರು ಒಪ್ಪಿ ಕೊಳವೆ ಹಾಕಿಸಿದರೆ ತಾಯಿಯವರಿಗೆ ಉಸಿರಾಡಲು ಗಾಳಿ ಸಿಗುತ್ತದೆ, ಒಪ್ಪದಿದ್ದರೆ ನೀವು ಕೇಳಿದ್ದಿರಿ ಎಂಬುದಕ್ಕೆ ದಾಖಲೆ ಸಿಗುತ್ತದೆ. ಕೊಳವೆ ಹಾಕಿಸಿದ ಮಾತ್ರಕ್ಕೆ ನಕ್ಷೆ ಉಲ್ಲಂಘನೆಯ ದೂರನ್ನು ಹಿಂದೆಗೆದುಕೊಳ್ಳಬೇಕಾಗಿಲ್ಲ.

ಪ್ರಶ್ನೆ: ನಾನು ಬೆಂಗಳೂರಿನ ಪಿಜಿಯೊಂದರಲ್ಲಿದ್ದು ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ಅಕ್ಕಪಕ್ಕದವರು ದೂರು ಕೊಟ್ಟಿದ್ದಾರಂತೆ, ಪಾಲಿಕೆಯವರು ಬಂದು ನೋಟಿಸ್ ಅಂಟಿಸಿ ಹೋದರು. ಇದ್ದಕ್ಕಿದ್ದಂತೆ ಬೀಗ ಹಾಕಿದರೆ ನಾವೆಲ್ಲಿಗೆ ಹೋಗಬೇಕು? ಎರಡು ತಿಂಗಳ ಮುಂಗಡ ಹಣವಿದೆ, ರಸೀದಿ ಕೊಟ್ಟಿಲ್ಲ. ಮುಂದಿನ ತಿಂಗಳು ಪರೀಕ್ಷೆ.
— ಓದುಗಾರ್ತಿ, ಊರು ಶಿವಮೊಗ್ಗ

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದು. ಇಂಥ ಪ್ರಕರಣಗಳಲ್ಲಿ ಯಾರೂ ಕೇಳದ ದನಿ ನಿಮ್ಮಂಥವರದೇ. ನೋಟಿಸ್ ಅಂಟಿಸಿದ ದಿನವೇ ಬೀಗ ಬೀಳುವುದು ವಿರಳ, ಉತ್ತರಿಸಲು ಮಾಲೀಕರಿಗೆ ಕಾಲಾವಕಾಶ ಇರುತ್ತದೆ. ಆ ನೋಟಿಸಿನ ಚಿತ್ರ ತೆಗೆದುಕೊಂಡು, ಅದಕ್ಕೆ ಸಹಿ ಮಾಡಿದ ಅಧಿಕಾರಿಗೆ ನಿಮ್ಮಲ್ಲಿ ಆದಷ್ಟು ಮಂದಿ ಸೇರಿ ಪತ್ರ ಬರೆಯಿರಿ. ಎಷ್ಟು ಜನ ಇದ್ದೀರಿ, ಪರೀಕ್ಷೆ ಯಾವ ದಿನಾಂಕಕ್ಕೆ ಮುಗಿಯುತ್ತದೆ, ಕ್ರಮ ಕೈಗೊಳ್ಳುವುದಾದರೆ ಬೇರೆ ವಸತಿ ಹುಡುಕಲು ಇಂತಿಷ್ಟು ದಿನ ಬೇಕು ಎಂದು ತಿಳಿಸಿ. ಆದೇಶ ಬರೆಯುವವರ ಮುಂದೆ ಈ ವಿವರ ಇದ್ದರೆ ತೆರವಿಗೆ ದಿನಾಂಕ ಕೊಡುವ ಸಾಧ್ಯತೆ ಹೆಚ್ಚು, ಇಲ್ಲದಿದ್ದರೆ ಅವರ ಕಡತದಲ್ಲಿ ನೀವು ಇರುವುದೇ ಇಲ್ಲ.

ಮುಂಗಡದ ವಿಷಯದಲ್ಲಿ ರಸೀದಿಯಿಲ್ಲದಿದ್ದರೂ ಯುಪಿಐ ಅಥವಾ ಬ್ಯಾಂಕಿನ ಮೂಲಕ ಕಳುಹಿಸಿದ ದಾಖಲೆ, ವಾಟ್ಸ್ಆ್ಯಪ್‌ನಲ್ಲಿ ಬಾಡಿಗೆ ಬಗ್ಗೆ ಆದ ಮಾತುಕತೆ ಸಾಕ್ಷ್ಯವಾಗುತ್ತವೆ. ಈಗಲೇ "ನಮ್ಮ ಮುಂಗಡ ಇಂತಿಷ್ಟು ನಿಮ್ಮಲ್ಲಿದೆ, ದಯವಿಟ್ಟು ಖಚಿತಪಡಿಸಿ" ಎಂದು ಸಂದೇಶ ಕಳುಹಿಸಿ ಉತ್ತರವನ್ನು ಉಳಿಸಿಕೊಳ್ಳಿ. ಹಣ ಪಡೆದು ಊಟ, ವಸತಿ ಕೊಡುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅರ್ಥದಲ್ಲಿ ಸೇವೆ. ಹಣ ಹಿಂದಿರುಗಿಸದಿದ್ದರೆ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ನಂತರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ.

ಇನ್ನೊಂದು ಮಾತು. ಕೋಣೆಯ ಅಳತೆ, ಮಂಚಗಳ ಸಂಖ್ಯೆ, ಒಂದು ಶೌಚಾಲಯಕ್ಕೆ ಎಷ್ಟು ಜನ, ತುರ್ತು ಬಾಗಿಲಿಗೆ ಬೀಗವಿದೆಯೇ ಎಂಬುದೆಲ್ಲ ಹೊರಗಿನವರಿಗಿಂತ ನಿಮಗೇ ಚೆನ್ನಾಗಿ ಗೊತ್ತು. 70 ಚದರ ಅಡಿಯ ನಿಯಮ ಇರುವುದು ನಿಮಗಾಗಿ. 1533ಕ್ಕೆ ದೂರು ಕೊಡುವ ಹಕ್ಕು ಪಕ್ಕದ ಮನೆಯವರಿಗೆ ಎಷ್ಟಿದೆಯೋ ನಿಮಗೂ ಅಷ್ಟೇ ಇದೆ. ಮೇಲಿನ ಪತ್ರದವರಂಥ ನೆರೆಯವರೂ ನಿಮ್ಮಂಥ ನಿವಾಸಿಗಳೂ ಒಂದೇ ಕಾಗದದಲ್ಲಿ ಸಹಿ ಹಾಕಿ, ಮುಚ್ಚಿಸಬೇಕೆಂದು ಕೇಳದೆ ನಿಯಮಕ್ಕೆ ತಕ್ಕಷ್ಟು ಜನರನ್ನು ಮಾತ್ರ ಇಟ್ಟುಕೊಂಡು ಸರಿಯಾಗಿ ನಡೆಸಬೇಕೆಂದು ಕೇಳಿದ ಸಂದರ್ಭವನ್ನು ನಾನು ನನ್ನ ವೃತ್ತಿಯಲ್ಲಿ ಒಮ್ಮೆ ಮಾತ್ರ ಕಂಡಿದ್ದೇನೆ, ಅಲ್ಲಿ ಕೆಲಸ ಬೇಗ ಆಯಿತು.

ಪ್ರಶ್ನೆ: ನಮ್ಮ ಪಕ್ಕದ ಮನೆಯನ್ನು ಐವರು ಯುವಕರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಶನಿವಾರ ರಾತ್ರಿ ಒಂದು ಗಂಟೆಯವರೆಗೆ ಹಾಡು, ಗದ್ದಲ. ಇದು ವಸತಿ ವಲಯವಾದ್ದರಿಂದ ಬ್ಯಾಚಲರುಗಳಿಗೆ ಮನೆ ಕೊಡಬಾರದೆಂದು ಹುಬ್ಬಳ್ಳಿ–ಧಾರವಾಡ ಪಾಲಿಕೆಗೆ ದೂರು ಕೊಡಬಹುದೆ?
— ಓದುಗರು, ಹುಬ್ಬಳ್ಳಿ

ಉತ್ತರ: ಕೊಡಬಾರದು, ಕೊಟ್ಟರೂ ನಿಲ್ಲುವುದಿಲ್ಲ. 1961ರ ಯೋಜನಾ ಕಾಯ್ದೆ ಹುಬ್ಬಳ್ಳಿಗೂ ಅನ್ವಯಿಸುತ್ತದೆ, ನಿಮ್ಮಲ್ಲಿ ಯೋಜನಾ ಪ್ರಾಧಿಕಾರ ಹುಬ್ಬಳ್ಳಿ–ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ. ಆದರೆ ವಲಯ ನಿಯಮ ಕೇಳುವುದು ಜಾಗವನ್ನು ಯಾವುದಕ್ಕೆ ಬಳಸುತ್ತಿದ್ದಾರೆ ಎಂಬುದನ್ನೇ ಹೊರತು ಬಳಸುವವರಿಗೆ ಮದುವೆಯಾಗಿದೆಯೇ ಎಂಬುದನ್ನಲ್ಲ. ಒಂದು ಮನೆಯನ್ನು ಮನೆಯಾಗಿಯೇ ಬಾಡಿಗೆಗೆ ಪಡೆದು ಐವರು ಒಟ್ಟಿಗೆ ಅಡುಗೆ ಮಾಡಿಕೊಂಡು ಇರುವುದು ವಾಸವೇ. ಮೊದಲನೆಯ ಪತ್ರದ ಕಟ್ಟಡಕ್ಕೂ ಇದಕ್ಕೂ ಹೋಲಿಕೆಯಿಲ್ಲ.

ನಿಮ್ಮ ತೊಂದರೆ ಸದ್ದಿನದು. ಅದಕ್ಕೆ ಶಬ್ದಮಾಲಿನ್ಯ ನಿಯಮಗಳಿವೆ. ಮೊದಲು ಹಗಲು ಹೊತ್ತಿನಲ್ಲಿ, ಅವರು ವಿರಾಮವಾಗಿದ್ದಾಗ ಹೋಗಿ, ರಾತ್ರಿ 10ರ ಮೇಲೆ ಧ್ವನಿ ತಗ್ಗಿಸಿ ಎಂದು ನೇರವಾಗಿ ಕೇಳಿ. ಸದ್ದಿನ ನಡುವೆ ಸಿಟ್ಟಿನಲ್ಲಿ ಬಾಗಿಲು ತಟ್ಟಬೇಡಿ. ಅದಾಗದಿದ್ದರೆ ಮನೆಯ ಮಾಲೀಕರಿಗೆ ದಿನಾಂಕ, ಸಮಯ ನಮೂದಿಸಿ ಬರೆಯಿರಿ. ನೆರೆಯವರಿಗೆ ಉಪದ್ರವ ಕೊಡಬಾರದೆಂಬ ಷರತ್ತು ಬಹುತೇಕ ಬಾಡಿಗೆ ಕರಾರುಗಳಲ್ಲಿ ಇರುತ್ತದೆ, ಅದನ್ನು ಜಾರಿಗೊಳಿಸುವುದು ಅವರ ಕೈಯಲ್ಲಿದೆ. ಆಗಲೂ ನಿಲ್ಲದಿದ್ದರೆ ಸದ್ದು ನಡೆಯುತ್ತಿರುವಾಗಲೇ 112ಕ್ಕೆ ಕರೆ ಮಾಡಿ. ಮರುದಿನ ಬೆಳಿಗ್ಗೆ ಠಾಣೆಗೆ ಹೋಗಿ ಹೇಳಿದರೆ ಪೊಲೀಸರಿಗೆ ಕೇಳಿಸಿಕೊಳ್ಳಲು ಸದ್ದೇ ಇರುವುದಿಲ್ಲ.